ತಿರುಗದ ಸ್ಕ್ರೂವಿನ ಮುಂದೆ ಸ್ವಲ್ಪ ಹೊತ್ತು ಕೂರಿ

ಮಕ್ಕಳೇ, ನಿಮ್ಮ ಪ್ರಯೋಗಾಲಯದ ಮೂಲೆಯಲ್ಲಿ ‘ಹಾಳಾಗಿದೆ’ ಅಂತ ಚೀಟಿ ಅಂಟಿಸಿದ ಉಪಕರಣ ಒಂದಾದರೂ ಉಂಟಲ್ಲ? ಅದರಲ್ಲಿ ಹಾಳಾದದ್ದು ಏನು ಅಂತ ಯಾರಾದರೂ ನೋಡಿದ್ದೀರಾ? ಎಷ್ಟೋ ಸಲ ಕೆಟ್ಟಿರುವುದು ಒಂದೇ ಒಂದು ಸ್ಕ್ರೂ.

ನಮ್ಮಲ್ಲಿ ಹಾಗೇ ಆಯಿತು. ಕಾಸರಗೋಡಿನ ಉಪ್ಪುಗಾಳಿ, ಮೇಲಿಂದ ಜೂನ್ ತಿಂಗಳ ಮಳೆ. ಹಳೆಯ ಸೂಕ್ಷ್ಮದರ್ಶಕ ಅಲುಗಾಡುತ್ತಿತ್ತು. ಸರಿಮಾಡಲು ಅಡಿಯ ತಟ್ಟೆ ಬಿಚ್ಚಬೇಕು, ಸ್ಕ್ರೂ ತುಕ್ಕು ಹಿಡಿದು ಕೂತಿದೆ. ನಾನು ಕೈಗೆ ಸಿಕ್ಕಿದ ಸಣ್ಣ ಸ್ಕ್ರೂಡ್ರೈವರ್ ಹಾಕಿ ಜೋರಾಗಿ ತಿರುಗಿಸಿದೆ. ಸ್ಕ್ರೂ ಬರಲಿಲ್ಲ, ತಲೆಯ ಪ್ಲಸ್ ಗುರುತು ಸವೆದು ಗುಂಡಿಯಾಯಿತು. ಘರ್ಷಣೆಯ ಪಾಠ ಮಾಡುವ ಮೇಷ್ಟ್ರೇ ಘರ್ಷಣೆಯನ್ನು ಮರೆತದ್ದು!

ಆಮೇಲೆ ಒಂಬತ್ತನೇ ತರಗತಿಯ ಮಕ್ಕಳೊಂದಿಗೆ ಕೂತು ಯೋಚಿಸಿದೆ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ಥ್ರೆಡ್ಡಿನ ಸಂದಿಯಲ್ಲಿ ಆ ಜಾಗವಿಲ್ಲ, ಹಾಗಾಗಿ ಬೆಣೆ ಹೊಡೆದ ಹಾಗೆ ಬಿಗಿಯುತ್ತದೆ. ಇನ್ನು ಪ್ಲಸ್ ತಲೆ. ಇದು ಅಮೆರಿಕದ ಹೆನ್ರಿ ಫಿಲಿಪ್ಸ್ 1936ರಲ್ಲಿ ಪೇಟೆಂಟ್ ಪಡೆದ ಬಗೆ. ಅದರ ಒಳಗೋಡೆಗಳು ಓರೆಯಾಗಿವೆ. ತಿರುಗಿಸಿದಷ್ಟೂ ಸ್ಕ್ರೂಡ್ರೈವರನ್ನು ಮೇಲಕ್ಕೆ ದೂಡುತ್ತವೆ. ಅಂದರೆ ಮೊದಲು ಒತ್ತಬೇಕು, ಆಮೇಲೆ ತಿರುಗಿಸಬೇಕು.

ಮೊದಲು ಮಸೂರಗಳನ್ನು ತೆಗೆದಿಟ್ಟೆವು. ಒಂದು ತೊಟ್ಟು ಸೀಮೆಎಣ್ಣೆ ಬಿಟ್ಟು ರಾತ್ರಿಯಿಡೀ ಕಾದೆವು. ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ಅದು ಸಂದಿಯೊಳಗೆ ನುಗ್ಗುತ್ತದೆ. ಮರುದಿನ ಸವೆದ ತಲೆಯ ಮೇಲೆ ಅಗಲದ ರಬ್ಬರ್ ಬ್ಯಾಂಡಿನ ತುಂಡು ಇಟ್ಟು, ಸರಿಯಾದ ಅಳತೆಯ ಸ್ಕ್ರೂಡ್ರೈವರ್ ಒತ್ತಿ, ಮೊದಲು ಕೂದಲೆಳೆಯಷ್ಟು ಬಿಗಿಮಾಡಿ ಆಮೇಲೆ ಸಡಿಲಿಸಿದೆವು. ‘ಟಕ್’ ಅಂತು. ಬಂತು! ಬರದಿದ್ದರೆ ಹ್ಯಾಕ್ಸಾ ಬ್ಲೇಡಿನಿಂದ ತಲೆಯ ಮೇಲೆ ಹೊಸ ಗೀರು ಕೊರೆದು ಚಪ್ಪಟೆ ಸ್ಕ್ರೂಡ್ರೈವರ್ ಹಾಕುವುದಿತ್ತು.

ಯಾವ ಕಡೆಗೆ ತಿರುಗಿಸಬೇಕು ಅಂತಲೂ ನೋಡಿಕೊಳ್ಳಿ. ಸೈಕಲ್ಲಿನ ಎಡ ಪೆಡಲ್ ಉಳಿದವುಗಳಿಗೆ ಉಲ್ಟಾ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ತಿಳಿಯದೆ ಬಲ ಹಾಕಿದರೆ ಇನ್ನಷ್ಟು ಬಿಗಿಯಾದೀತು.

ನನ್ನ ಅಭಿಪ್ರಾಯ ಇಷ್ಟೇ: ಉಪಕರಣ ಹಾಳಾದೀತು ಅಂತ ಹೆದರಿ ಮಕ್ಕಳ ಕೈಗೆ ಸ್ಕ್ರೂಡ್ರೈವರ್ ಕೊಡದಿರುವುದು ತಪ್ಪು. ಸ್ಕ್ರೂ ಒಂದು ಸರಳ ಯಂತ್ರ ಅಂತ ಬರೆದರೆ ಅಂಕ ಸಿಗುತ್ತದೆ. ಬಿಚ್ಚಲು ಬಂದರೆ ಸಿಗುವುದಿಲ್ಲ. ಆದರೆ ಸ್ಟಾಕ್ ರಿಜಿಸ್ಟರಿನಲ್ಲಿ ಭದ್ರವಾಗಿದ್ದು ಕಪಾಟಿನಲ್ಲಿ ಕೊಳೆಯುವ ಸೂಕ್ಷ್ಮದರ್ಶಕದಿಂದ ಯಾರು ಏನು ಕಲಿತಾರು? ನಮ್ಮಂಥ ಗಡಿನಾಡಿನ ಸಣ್ಣ ಶಾಲೆಗೆ ಹೊಸದು ಬರುವವರೆಗೆ ನೀವು ಹತ್ತನೇ ತರಗತಿ ಮುಗಿಸಿ ಹೋಗಿರುತ್ತೀರಿ.

ನಾಳೆಯೇ ನಿಮ್ಮ ಟೀಚರ್ ಹತ್ತಿರ ಕೇಳಿ: ಮೂರು ಅಳತೆಯ ಸ್ಕ್ರೂಡ್ರೈವರ್, ಸ್ವಲ್ಪ ಎಣ್ಣೆ, ಕಣ್ಣಿಗೆ ಕನ್ನಡಕ. ಕರೆಂಟಿನ ವಸ್ತುವನ್ನು ಮಾತ್ರ ನೀವಾಗಿ ಬಿಚ್ಚಬೇಡಿ, ಸೀಮೆಎಣ್ಣೆಯ ಹತ್ತಿರ ಬೆಂಕಿ ತರಬೇಡಿ. ಆಮೇಲೆ ಆ ಮೂಲೆಗೆ ಹೋಗಿ. ಚೀಟಿ ಕಿತ್ತು ಹಾಕುವ ಕೆಲಸ ನಿಮ್ಮದು.