ಪಿಸ್ತೂಲಿನ ವೇಗವೂ ಗುರಿಯೂ

ಸೊರಬ ತಾಲೂಕಿನ ಕುಪ್ಪಗಡ್ಡೆಯಂತಹ ಮಲೆನಾಡಿನ ಊರುಗಳಲ್ಲಿ ಬೆಳೆ ಕಾಯಲು ಕೋವಿ ಹಿಡಿದವರಿಗೆ ಅವಸರದ ಗುಂಡಿನ ಅನರ್ಥವನ್ನು ವಿವರಿಸಬೇಕಾದುದಿಲ್ಲ. ಪೊಲೀಸಿನವನ ಸೊಂಟದ ಪಿಸ್ತೂಲಿನಲ್ಲಿ ಆ ಭಯವು ಇನ್ನೂ ಹೆಚ್ಚು. ಅದರ ನಳಿಗೆ ಮೊಟಕು. ಅದನ್ನು ಒರೆಯಿಂದೆಳೆಯುವ ಪ್ರಸಂಗ ಸಂತೆಯ ಜನಸಂದಣಿಯಲ್ಲಿಯೂ ಬಂದೀತು. ಎಂದೋ ಒಮ್ಮೆ ಮೈದಾನದಲ್ಲಿ ಹತ್ತಾರು ಗುಂಡು ಹಾರಿಸಿದ ಮಾತ್ರಕ್ಕೆ ಅಂತಹ ಕೈ ಪಳಗುವುದೆ?

ಒಲಿಂಪಿಕ್ ಕ್ರೀಡೆಯ ಶೀಘ್ರ ಪಿಸ್ತೂಲು ಪಂದ್ಯದಲ್ಲಿ ಕೈಯನ್ನು ಕೆಳಗಿಳಿಸಿ ನಿಂತವನು, 25 ಮೀಟರು ದೂರದ 5 ಗುರಿಗಳಿಗೆ ಒಂದೊಂದು ಗುಂಡನ್ನು ಮೊದಲು 8, ಬಳಿಕ 6, ಕಡೆಗೆ 4 ಸೆಕೆಂಡುಗಳಲ್ಲಿ ಹೊಡೆಯಬೇಕು. 2012ರಲ್ಲಿ ಲಂಡನ್ನಿನಲ್ಲಿ ಇದೇ ಪಂದ್ಯದ ಬೆಳ್ಳಿಯ ಪದಕವನ್ನು ನಮ್ಮ ಸೇನೆಯ ವಿಜಯ ಕುಮಾರರು ಪಡೆದರು. ಅಲ್ಲಿ ಒರೆಯ ಮಾತಿಲ್ಲ ನಿಜ. ಆದರೂ ವೇಗವು ಕ್ರಮದಿಂದಲೇ ಹುಟ್ಟುವುದೆಂಬುದಕ್ಕೆ ಅದು ಸಾಕ್ಷಿ.

ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು, ಪಿಸ್ತೂಲು ಬರಿದಾಗಿದೆಯೆಂದು ಎರಡು ಬಾರಿ ನೋಡಿಕೊಂಡು, ಗಟ್ಟಿ ಗೋಡೆಗೆದುರಾಗಿ ಅಭ್ಯಾಸಮಾಡಬೇಕು. ಹಿಡಿಯು ಒರೆಯಲ್ಲಿರುವಾಗಲೇ ಭದ್ರವಾಗಿರಲಿ. ಎಡಗೈ ಎದೆಯ ಬಳಿ ಕೂಡಲಿ. ನಳಿಗೆ ಗುರಿಯನ್ನು ಸೇರುವ ತನಕ ಬೆರಳು ಟ್ರಿಗರನ್ನು ಮುಟ್ಟಕೂಡದು. ಮೊದಲು ನಿಧಾನ, ತಪ್ಪು ನಿಂತ ಮೇಲೆಯೇ ಕಾಲವನ್ನು ಕಡಿಮೆಮಾಡತಕ್ಕದ್ದು. ಗುಂಡಿನ ವೆಚ್ಚವಿಲ್ಲದ ಈ ಅಭ್ಯಾಸಕ್ಕೆ ಠಾಣೆಗಳಲ್ಲಿ ದಿನಕ್ಕೆ ಕಾಲು ಗಂಟೆಯನ್ನು ಮೇಲಧಿಕಾರಿಗಳು ಗೊತ್ತುಮಾಡಿಕೊಡಲಿ.