ಬಾಟಲಿಯ ಹಿಂಭಾಗ ಓದಿದ್ರಾ?

ಮದುವೆ ಸೀಸನ್ ಶುರುವಾದ್ರೆ ಗೆಳತಿಯರಿಂದ ನನಗೆ ಬರೋ ಮೆಸೇಜ್ ಒಂದೇ: ‘ಅರಸು ರಸ್ತೇಲಿ ಸ್ಮೂದನಿಂಗ್ ಆಫರ್ ಇದೆ, ಮಾಡಿಸ್ಲಾ?’ ಫಾರ್ಮಾಲ್ಡಿಹೈಡ್ ಇಲ್ಲ ಅಂತ ಬರೆದಿದ್ರೆ ಸಾಕು, ನಿಶ್ಚಿಂತೆ ಅಂದ್ಕೋತಾರೆ. ನಾನು ಮಾತ್ರ ಬಾಟಲಿಯ ಹಿಂಭಾಗದ ಫೋಟೊ ಕಳಿಸು ಅಂತೀನಿ. ಫಾರ್ಮಾಲ್ಡಿಹೈಡ್ ಬದಲಿಗೆ ಹಲವು ಕ್ರೀಮ್‌ಗಳಲ್ಲಿ ಗ್ಲೈಆಕ್ಸಿಲಿಕ್ ಆಸಿಡ್ ಇರುತ್ತೆ. 2024ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ 26 ವರ್ಷದ ಯುವತಿಯೊಬ್ಬಳ ಕೇಸ್ ಬಂತು. ಮೂರು ಸಲ ಸ್ಟ್ರೇಟನಿಂಗ್, ಮೂರೂ ಸಲ ಕಿಡ್ನಿಗೆ ಪೆಟ್ಟು. ಅದೇ ಕ್ರೀಮನ್ನು ಇಲಿಗಳಿಗೆ ಹಚ್ಚಿ ನೋಡಿದಾಗ ಅವುಗಳ ಮೂತ್ರಪಿಂಡದಲ್ಲಿ ಆಕ್ಸಲೇಟ್ ಹರಳುಗಳು ಕಂಡವು. ಹಚ್ಚುವಾಗ ಅವಳಿಗೆ ನೆತ್ತಿ ಉರಿದಿತ್ತಂತೆ. ‘ಸ್ವಲ್ಪ ಉರಿಯತ್ತೆ, ತಡ್ಕೊಳ್ಳಿ ಮೇಡಂ’ ಅಂದ್ರೆ ತಡ್ಕೋಬೇಡಿ, ತೊಳೆಸಿಬಿಡಿ. ಆಮೇಲೆ ವಾಂತಿ, ಬೆನ್ನುನೋವು ಬಂದ್ರೆ ಡಾಕ್ಟರಿಗೆ ಕ್ರೀಮಿನ ಹೆಸರನ್ನೂ ಹೇಳಿ.

ಇನ್ನು ಡೈ. ‘ಅಮೋನಿಯಾ ಇಲ್ಲ’ ಅಂದ್ರೆ ಪಿಪಿಡಿ ಇಲ್ಲ ಅಂತಲ್ಲ. ಅಲರ್ಜಿ ಮಾಡೋದು ಹೆಚ್ಚಾಗಿ ಅದೇ. ಅಸಲಿ ಮೆಹಂದಿ ಕೊಡೋದು ಕೆಂಪು-ಕಿತ್ತಳೆ ಬಣ್ಣ ಮಾತ್ರ. ದೇವರಾಜ ಮಾರ್ಕೆಟ್ಟಲ್ಲಿ ‘ಕರಿ ಮೆಹಂದಿ’ ಅಂತ ಕೊಟ್ರೆ ಪ್ಯಾಕೆಟ್ ತಿರುಗಿಸಿ ನೋಡಿ. ಕಿವಿ ಹಿಂದೆ ಸ್ವಲ್ಪ ಹಚ್ಚಿ 48 ಗಂಟೆ ಕಾಯಿರಿ. ರಿಸೆಪ್ಷನ್ ನಾಳೇನೇ ಇದ್ರೆ? ಹೂ ಮುಡೀರಿ, ಮೈಸೂರು ಮಲ್ಲಿಗೆ ಇದೆಯಲ್ಲ.