ಅಂಗಡಿ ಮಾರೋಕೆ ಕಂಪನಿ ಒಪ್ಪಿಗೆ ಬೇಕು, ಒಪ್ಪಿಗೆ ಬೇಕಂದ್ರೆ ಹಕ್ಕು ಬಿಡಬೇಕು!

ದಾವಣಗೆರೆ: ಪಿ.ಬಿ. ರಸ್ತೆ, ವಿದ್ಯಾನಗರ, ಅತ್ತ ಹರಿಹರ, ಎಲ್ಲಿ ನೋಡಿದ್ರೂ ಫ್ರಾಂಚೈಸಿ ಬೋರ್ಡ್‌ಗಳು. ಟೀ, ಐಸ್‌ಕ್ರೀಂ, ಕೊರಿಯರ್, ಕನ್ನಡಕ, ಪ್ಲೇ ಸ್ಕೂಲ್. ಬೋರ್ಡ್ ಕಂಪನಿಯದ್ದು, ಬಂಡವಾಳ ಊರಿನವರದ್ದು. ಶುರು ಮಾಡುವಾಗ ಎಲ್ಲರೂ ಕೇಳೋದು ಡೆಪಾಸಿಟ್ ಎಷ್ಟು, ಮಾರ್ಜಿನ್ ಎಷ್ಟು ಅಂತ. ಹೊರಗೆ ಬರುವಾಗ ಕಂಪನಿಗೆ ಏನು ಬರೆದುಕೊಡಬೇಕು ಅಂತ ಕೇಳೋರು ಕಡಿಮೆ.

ಫ್ರಾಂಚೈಸಿ ಅಗ್ರಿಮೆಂಟ್‌ಗಳಲ್ಲಿ ಸಾಮಾನ್ಯವಾಗಿ ಒಂದು ಷರತ್ತು ಇರುತ್ತೆ. ಔಟ್‌ಲೆಟ್ ಬೇರೆಯವರಿಗೆ ಮಾರಬೇಕಾದ್ರೆ ಕಂಪನಿಯ ಲಿಖಿತ ಒಪ್ಪಿಗೆ ಬೇಕು. ಅವಧಿ ಮುಗಿದ ಮೇಲೆ ರಿನ್ಯೂವಲ್‌ಗೂ ಅದೇ. ಆ ಒಪ್ಪಿಗೆ ಪತ್ರದ ಜೊತೆ ಇನ್ನೊಂದು ಕಾಗದವೂ ಬರಬಹುದು. 'ಕಂಪನಿಯಿಂದ ನನಗೆ ಯಾವ ಬಾಕಿಯೂ ಇಲ್ಲ, ಇದುವರೆಗಿನ ಎಲ್ಲ ಕ್ಲೇಮ್ ಬಿಟ್ಟುಕೊಟ್ಟಿದ್ದೇನೆ' ಅನ್ನೋದು ಅದರ ಸಾರ. ಇದೇ ರಿಲೀಸ್.

ಸೈನ್ ಯಾಕೆ ಹಾಕ್ತಾರೆ?

ಒಂದು ಲೆಕ್ಕ ನೋಡಿ. ಅಂಗಡಿ ಕೊಳ್ಳೋನು 18 ಲಕ್ಷಕ್ಕೆ ಒಪ್ಪಿದ್ದಾನೆ, ಅಡ್ವಾನ್ಸ್ ಕೊಟ್ಟಾಗಿದೆ. ಮಾರೋನಿಗೆ ಕಂಪನಿಯಿಂದ 80 ಸಾವಿರ ಇನ್ಸೆಂಟಿವ್, ವಾಪಸ್ ಕಳಿಸಿದ ಹಾಳು ಮಾಲಿನ 40 ಸಾವಿರ ಬರಬೇಕು. 1.20 ಲಕ್ಷಕ್ಕೆ ಜಗಳ ತೆಗೆದ್ರೆ ಒಪ್ಪಿಗೆ ಪತ್ರ ತಡ ಆಗುತ್ತೆ, 18 ಲಕ್ಷದ ವ್ಯಾಪಾರವೇ ಕೈತಪ್ಪಬಹುದು. ಇತ್ತ ಬಾಡಿಗೆ, ಸಾಲದ ಕಂತು ನಿಲ್ಲಲ್ಲ. ಹಾಗಾಗಿ ಸೈನ್ ಹಾಕ್ತಾರೆ. ಕಂಪನಿಗೂ ಈ ಲೆಕ್ಕ ಗೊತ್ತು.

ಕಂಪನಿ ಕಡೆಯ ವಾದ ಪೂರ್ತಿ ತಪ್ಪೇನಲ್ಲ. ಹೊಸ ಮಾಲೀಕ ಬರುವಾಗ ಹಳೇ ತಕರಾರು ಮುಗಿದಿರಬೇಕು ಅನ್ನೋದು ಅವರ ಮಾತು. ಆದರೆ ತಕರಾರು ಮುಗಿಯೋದು ಒಂದೇ ಕಡೆಯಿಂದ ಆದ್ರೆ ಅದು ಇತ್ಯರ್ಥ ಹೇಗಾಗುತ್ತೆ?

ಕಾನೂನು ಏನು ಹೇಳುತ್ತೆ?

ನಮ್ಮಲ್ಲಿ ಫ್ರಾಂಚೈಸಿಗೆ ಅಂತ ಪ್ರತ್ಯೇಕ ಕಾಯ್ದೆ ಇಲ್ಲ. 1872ರ ಕರಾರು ಕಾಯ್ದೆಯೇ ಆಧಾರ. ಅದರ 63ನೇ ಸೆಕ್ಷನ್ ಪ್ರಕಾರ ತನಗೆ ಬರಬೇಕಾದ್ದನ್ನ ಯಾರು ಬೇಕಾದ್ರೂ ಬಿಟ್ಟುಕೊಡಬಹುದು. ಅಂದ್ರೆ ಮನಸಾರೆ ಕೊಟ್ಟ ರಿಲೀಸ್ ಊರ್ಜಿತ. ಬಲವಂತ ಅಥವಾ ಅನುಚಿತ ಒತ್ತಡದಿಂದ ಬರೆಸಿಕೊಂಡಿದ್ದರೆ ಅದನ್ನ ರದ್ದು ಮಾಡಿಸಬಹುದು. ಇನ್ನು ಮುಂದೆ ಏನೇ ಆದರೂ ಕೋರ್ಟಿಗೇ ಹೋಗಲ್ಲ ಅಂತ ಪೂರ್ತಿ ಬಾಗಿಲು ಹಾಕಿಸಿದ್ರೆ 28ನೇ ಸೆಕ್ಷನ್ ಅಡ್ಡ ಬರುತ್ತೆ.

ಇಂಥ ಕಾಗದದ ಬಗ್ಗೆ ಸುಪ್ರೀಂ ಕೋರ್ಟ್ ಎರಡು ವಿಮಾ ಕೇಸ್‌ಗಳಲ್ಲಿ ಹೇಳಿದ್ದು ಇಲ್ಲಿಗೂ ದಾರಿದೀಪ. 2008ರ ಬೋಘರಾ ಪಾಲಿಫ್ಯಾಬ್ ತೀರ್ಪಿನ ಪ್ರಕಾರ, ಕಷ್ಟದಲ್ಲಿದ್ದವರಿಂದ ಒತ್ತಡ ಹಾಕಿ 'ಪೂರ್ತಿ ಚುಕ್ತಾ' ಅಂತ ಬರೆಸಿಕೊಂಡ ಮಾತ್ರಕ್ಕೆ ವಿವಾದ ಮುಗಿಯಲ್ಲ. ಆದರೆ 2014ರ ಜೀನಸ್ ಪವರ್ ಕೇಸ್‌ನಲ್ಲಿ, ವಿವರವಿಲ್ಲದೆ ಬರೀ 'ಒತ್ತಡ ಇತ್ತು' ಅಂದ್ರೆ ಸಾಲದು ಅಂತ ಅದೇ ಕೋರ್ಟ್ ಹೇಳಿತು. ಅಲ್ಲಿ ದುಡ್ಡು ಪಡೆದು ಕೆಲ ವಾರ ಬಿಟ್ಟು ತಕರಾರು ಎತ್ತಿದ್ದು ಮುಳುವಾಯ್ತು. ಸೈನ್ ಹಾಕಿ ಆಮೇಲೆ ನೋಡಿಕೊಳ್ಳೋಣ ಅನ್ನೋದು ಎಷ್ಟು ಅಪಾಯ ಅಂತ ಇದರಲ್ಲೇ ಗೊತ್ತಾಗುತ್ತೆ.

ಅಮೆರಿಕದಲ್ಲಿ ಕರಾರಿಗೆ ಕನಿಷ್ಠ 14 ದಿನ ಮೊದಲೇ ಕಂಪನಿ ತನ್ನ ಷರತ್ತುಗಳ ವಿವರ ಪುಸ್ತಕವನ್ನ ಕೈಗೆ ಕೊಡಬೇಕು. ಮಾರಾಟ, ರಿನ್ಯೂವಲ್ ಷರತ್ತುಗಳೂ ಅದರಲ್ಲಿರಬೇಕು. ಫ್ರಾಂಚೈಸಿ ಕಾಯ್ದೆ ಕೊಟ್ಟ ರಕ್ಷಣೆ ಬಿಟ್ಟುಕೊಡಿ ಅನ್ನೋ ಷರತ್ತು ಕ್ಯಾಲಿಫೋರ್ನಿಯಾದಲ್ಲಿ ಅನೂರ್ಜಿತ. ನಮ್ಮಲ್ಲಿ ಅಂಥ ಕಾಯ್ದೆಯೇ ಇಲ್ಲದ್ದರಿಂದ ಕಾಗದ ಓದುವ ಹೊಣೆ ಪೂರ್ತಿ ಸೈನ್ ಹಾಕೋನ ಮೇಲೆ.

ಏನು ನೋಡಬೇಕು?

ಮೊದಲನೇದು, ರಿಲೀಸ್ ಎರಡೂ ಕಡೆಯದ್ದಾಗಿರಲಿ. ಒಂದೇ ಕಡೆಯದ್ದಾದ್ರೆ ಮಾರಿದ ಮೇಲೂ ಕಂಪನಿ ಹಳೇ ಬಾಕಿ ಅಂತ ನೋಟಿಸ್ ಕಳಿಸಬಹುದು. ಎರಡನೇದು, ಡೆಪಾಸಿಟ್, ಇನ್ಸೆಂಟಿವ್, ಜಿಎಸ್‌ಟಿ ಲೆಕ್ಕ ಬಾಕಿ ಇದ್ರೆ 'ಇವನ್ನು ಹೊರತುಪಡಿಸಿ' ಅಂತ ಮೊತ್ತದ ಸಮೇತ ಬರೆಸಬೇಕು. ಮೂರನೇದು, ಶುರುವಿನಲ್ಲಿ ಕೊಟ್ಟ ಸೆಕ್ಯುರಿಟಿ ಚೆಕ್, ವೈಯಕ್ತಿಕ ಗ್ಯಾರಂಟಿ ವಾಪಸ್ ಪಡೀಬೇಕು. ಇದನ್ನ ಮರೆತ್ರೆ ಮುಂದೊಂದು ದಿನ ಚೆಕ್ ಬೌನ್ಸ್ ಕೇಸ್ ಬರಬಹುದು. ಒಪ್ಪಿಗೆ ಇಲ್ಲದಿದ್ರೆ ಆಕ್ಷೇಪವನ್ನ ಸೈನ್‌ಗೆ ಮೊದಲೇ ಇಮೇಲ್‌ನಲ್ಲಿ ಹಾಕಿಡಬೇಕು.

ಫ್ರಾಂಚೈಸಿ ಜಗಳ ಕಾನೂನಿನ ಪ್ರಕಾರ ವಾಣಿಜ್ಯ ವಿವಾದ. ಮೌಲ್ಯ 3 ಲಕ್ಷ ಅಥವಾ ಮೇಲಿದ್ದು, ತುರ್ತು ಪರಿಹಾರ ಕೇಳದಿದ್ರೆ, ದಾವೆಗೆ ಮೊದಲು ಮಧ್ಯಸ್ಥಿಕೆ ಕಡ್ಡಾಯ. ಅದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲೇ ಆಗುತ್ತೆ. ಅಗ್ರಿಮೆಂಟ್‌ನಲ್ಲಿ ಆರ್ಬಿಟ್ರೇಷನ್ ಷರತ್ತು ಇದ್ರೆ ದಾರಿ ಬೇರೆ, ಅದೂ ಮುಂಬೈ, ದೆಹಲಿ ಅಂತ ಬರೆದಿದ್ರೆ ಓಡಾಟದ ಖರ್ಚೇ ಬಾಕಿಗಿಂತ ಜಾಸ್ತಿ ಆಗಬಹುದು.

ಕೊಳ್ಳೋನು ಸಿಕ್ಕಿ, ಅಡ್ವಾನ್ಸ್ ಕೈಗೆ ಬಂದ ಮೇಲೆ ಚೌಕಾಸಿಗೆ ಜಾಗ ಉಳಿಯಲ್ಲ. ಮೊದಲ ಅಗ್ರಿಮೆಂಟ್ ದಿನವೇ 'ಸಕಾರಣ ಇಲ್ಲದೆ ಒಪ್ಪಿಗೆ ತಡೆಯುವಂತಿಲ್ಲ' ಅನ್ನೋ ಒಂದು ಸಾಲು ಸೇರಿಸಿ ಅಂತ ಕೇಳೋದಕ್ಕೆ ದುಡ್ಡು ಖರ್ಚಾಗಲ್ಲ.